ಜರ್ಮನಿಯಲ್ಲಿ ವೈಫೈ ಹಂಚಿಕೊಳ್ಳುವ ಮೊದಲು: ಕಾಂಟ್ರಾಕ್ಟ್ ಯಾರ ಹೆಸರಲ್ಲಿದೆ?

ಅಕ್ಟೋಬರ್ ಬಂತೆಂದರೆ ನಮ್ಮ ಕಡೆಯಿಂದ ಓದಲು ಹೊಸ ಹುಡುಗರು, ಹುಡುಗಿಯರು ಜರ್ಮನಿಗೆ ಬಂದಿಳಿಯುತ್ತಾರೆ. ಮೂರ್ನಾಲ್ಕು ಜನ ಸೇರಿ ಮನೆ ಹಿಡಿಯುತ್ತಾರೆ, ಒಬ್ಬರ ಹೆಸರಲ್ಲಿ ಇಂಟರ್ನೆಟ್ ತಗೊಂಡು ಬಿಲ್ ಹಂಚಿಕೊಳ್ಳುತ್ತಾರೆ. ರೂಟರ್ ಜೋಡಿಸುವುದನ್ನು ಅವರಿಗೆ ನಾನೇನೂ ಹೇಳಿಕೊಡಬೇಕಾಗಿಲ್ಲ. ನಾವೆಲ್ಲ ಎಡವಿದ ಕಡೆಯೇ ಅವರೂ ಎಡವುತ್ತಾರಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ಏರಿಯಾದ ಕೇಬಲ್‌ನವರಿಗೆ ಫೋನ್ ಮಾಡಿದರೆ ಒಂದೆರಡು ದಿನದಲ್ಲಿ ವೈರ್ ಎಳೆದು ಹೋಗುತ್ತಾರೆ. ಇಲ್ಲಿ ವಾರಗಟ್ಟಲೆ ಕಾಯಬೇಕು. ಟೆಕ್ನಿಷಿಯನ್ ಬರುವ ದಿನ ಅರ್ಧ ದಿನ ಮನೆಯಲ್ಲೇ ಕೂತಿರಬೇಕು. ಕೆಳಗೆ ಬಾಗಿಲ ಬೆಲ್ ಪಕ್ಕ ನಿಮ್ಮ ಹೆಸರಿರಲೇಬೇಕು. ಬಹಳಷ್ಟು ಕಟ್ಟಡಗಳಲ್ಲಿ ಫ್ಲ್ಯಾಟ್ ನಂಬರ್ ಅನ್ನೋದೇ ಇಲ್ಲ, ಹೆಸರೇ ವಿಳಾಸ. ಹಳೇ ಬಾಡಿಗೆದಾರರ ಹೆಸರೇ ಇನ್ನೂ ಅಲ್ಲಿದ್ದರೆ, ಬಂದವನು ಹಾಗೇ ವಾಪಸ್ ಹೋಗುತ್ತಾನೆ. ಚೀಟಿ ಬರೆದು ಟೇಪ್ ಹಚ್ಚಿದರೂ ಸಾಕು. ಅವನೇ ಬರದೆ ಕೈಕೊಟ್ಟರೆ, 2021ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಟೆಲಿಕಾಂ ಕಾನೂನಿನಂತೆ 10 ಯೂರೋ ಅಥವಾ ತಿಂಗಳ ಬಿಲ್ಲಿನ 20%, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೇಳಿ ಪಡೆಯಬಹುದು. ನಾಚಿಕೆ ಬೇಡ, ಕೇಳಿ.

ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ 24 ತಿಂಗಳ ಕಾಂಟ್ರಾಕ್ಟ್. 12 ತಿಂಗಳದ್ದನ್ನೂ ಕಂಪನಿ ಕೊಡಲೇಬೇಕು ಅಂತ ಅದೇ ಕಾನೂನು ಹೇಳುತ್ತದೆ. ರೇಟ್ ಸ್ವಲ್ಪ ಜಾಸ್ತಿ ಇರಬಹುದು, ಮುಂದಿನ ವರ್ಷ ಯಾವ ಊರಲ್ಲಿರುತ್ತೀರೋ ಗೊತ್ತಿಲ್ಲದವರಿಗೆ ಅದೇ ವಾಸಿ.

ರೂಟರ್ ವಿಷಯದಲ್ಲಿ ಮಾತ್ರ ನನ್ನ ಓಟು ಜರ್ಮನಿಗೆ. 2016ರ ಆಗಸ್ಟ್‌ನಿಂದ ಇಲ್ಲಿ ಯಾವ ರೂಟರ್ ಬೇಕಾದರೂ ನಮ್ಮದೇ ತಂದು ಹಾಕಿಕೊಳ್ಳಬಹುದು, ಕಂಪನಿ ಬೇಡ ಅನ್ನುವ ಹಾಗಿಲ್ಲ. ಇಲ್ಲಿ ಜನಪ್ರಿಯವಾದ ಫ್ರಿಟ್ಸ್‌ಬಾಕ್ಸ್ ರೂಟರನ್ನು ಸೆಕೆಂಡ್‌ಹ್ಯಾಂಡ್ ತಗೊಂಡು ರೀಸೆಟ್ ಮಾಡಿ ಹಾಕಿದರೆ ತಿಂಗಳ ಬಾಡಿಗೆ ಉಳಿಯುತ್ತದೆ. ನಿಮ್ಮ ಮನೆಯ ಲೈನು ಡಿಎಸ್‌ಎಲ್ಲೋ (ಅಂದರೆ ಫೋನ್ ತಂತಿಯದೋ), ಟಿವಿ ಕೇಬಲ್ಲೋ, ಫೈಬರ್ರೋ ನೋಡಿಕೊಂಡು ಅದಕ್ಕೆ ಸರಿಯಾದ ಮಾಡೆಲ್ ಕೊಳ್ಳಿ.

ಇನ್ನು ದುಡ್ಡು ಕೀಳುವ ವಿಷಯ. ಇದರ ಹೆಸರು ಆಬ್‌ಮಾನುಂಗ್, ಅಂದರೆ ಕಾಪಿರೈಟ್ ಮುರಿದಿದ್ದೀರಿ ಅಂತ ದುಡ್ಡು ಕೇಳಿ ವಕೀಲರು ಕಳಿಸುವ ಎಚ್ಚರಿಕೆ ಕಾಗದ.

ಸ್ಟುಟ್‌ಗಾರ್ಟ್ ಹತ್ತಿರ ಓದುವ ನಮ್ಮ ಕಡೆಯ ಹುಡುಗನೊಬ್ಬ ಒಂದು ಸಂಜೆ ಗಾಬರಿಯಲ್ಲಿ ಫೋನ್ ಮಾಡಿದ. ವಕೀಲರ ಕಾಗದ ಬಂದಿದೆ. ಅದರಲ್ಲಿ ಸಿನಿಮಾ ಫೈಲಿನ ಹೆಸರು, ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಆ ಕನೆಕ್ಷನ್‌ನ ನಂಬರ್), ತಾರೀಕು, ಸೆಕೆಂಡಿನವರೆಗೂ ಟೈಮು. ಕೆಳಗೆ ನೂರಾರು ಯೂರೋಗಳ ಲೆಕ್ಕ. ಜೊತೆಗೆ ಸಹಿಯೊಂದನ್ನು ಬಿಟ್ಟು ಎಲ್ಲ ತುಂಬಿಟ್ಟ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅನ್ನುವ ಒಂದು ಮುಚ್ಚಳಿಕೆ. ಅವನು ಆ ಸಿನಿಮಾ ನೋಡಿಯೇ ಇರಲಿಲ್ಲ. ಮನೆ ಸಿಗುವವರೆಗೆ ಇವರ ಸೋಫಾದಲ್ಲಿ ಮಲಗುತ್ತಿದ್ದ ಇನ್ನೊಬ್ಬನ ಲ್ಯಾಪ್‌ಟಾಪ್‌ನ ಕೆಲಸ ಅದು. ಅವನೂ ಜರ್ಮನಿಯಲ್ಲಿ ಏನನ್ನೂ ಡೌನ್‌ಲೋಡ್ ಮಾಡಿರಲಿಲ್ಲ! ಊರಲ್ಲಿ ಹಾಕಿಕೊಂಡಿದ್ದ ಟೊರೆಂಟ್ ಸಾಫ್ಟ್‌ವೇರ್ (ಫೈಲನ್ನು ಇಳಿಸಿಕೊಳ್ಳುತ್ತಲೇ ಬೇರೆಯವರಿಗೂ ಹಂಚುವಂಥದ್ದು), ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ತಾನೇ ಶುರುವಾಗಿ ಹಳೇ ಫೈಲನ್ನು ಹಂಚುತ್ತಾ ಕೂತಿತ್ತು.

ಇಲ್ಲಿ ಹಿಡಿಯುವುದು ಈ ಹಂಚುವುದನ್ನೇ. ಸಿನಿಮಾ ಕಂಪನಿಗಳ ಪರವಾಗಿ ಕೆಲವರು ಅದೇ ಟೊರೆಂಟ್ ಗುಂಪಿಗೆ ಸೇರಿಕೊಂಡು ಐಪಿ ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಕೋರ್ಟ್ ಆದೇಶ ತಂದು, ಅದು ಯಾರ ಕನೆಕ್ಷನ್ ಅಂತ ಇಂಟರ್ನೆಟ್ ಕಂಪನಿಯಿಂದ ತಿಳಿದುಕೊಳ್ಳುತ್ತಾರೆ. ಮನೆಯಲ್ಲಿ ಹತ್ತು ಫೋನ್ ಇರಲಿ, ಹೊರಗಿನವರಿಗೆ ಕಾಣುವುದು ರೂಟರ್‌ನ ಒಂದೇ ವಿಳಾಸ. ಕಾಗದ ಬರುವುದು ಕಾಂಟ್ರಾಕ್ಟ್ ಇರುವವನ ಹೆಸರಿಗೆ. ಕೋತಿ ತಿಂದು ಮೇಕೆ ಬಾಯಿಗೆ ಒರೆಸುವುದು ಅಂದರೆ ಇದೇ. ಅದೇ ರೂಟರ್‌ನಲ್ಲಿ ಅತಿಥಿಗಳಿಗೆಂದೇ ಬೇರೆ ವೈಫೈ, ಅಂದರೆ ಗೆಸ್ಟ್ ನೆಟ್‌ವರ್ಕ್, ಮಾಡಿಕೊಟ್ಟರೆ ಬಚಾವ್ ಅಂತ ಹಲವರು ನಂಬಿದ್ದಾರೆ. ಅದರಿಂದ ನಿಮ್ಮ ಪ್ರಿಂಟರು, ಫೈಲುಗಳು ಬೇರೆಯವರಿಗೆ ಕಾಣುವುದಿಲ್ಲ, ಅಷ್ಟೇ. ಹೊರಗೆ ಹೋಗುವ ಐಪಿ ಸಾಮಾನ್ಯವಾಗಿ ಅದೇ. ಸ್ಟ್ರೀಮಿಂಗ್ ತರಹ ಕಾಣುವ ಕೆಲವು ಫ್ರೀ ಸಿನಿಮಾ ಆ್ಯಪ್‌ಗಳ ಒಳಗೂ ಟೊರೆಂಟೇ ಇರುತ್ತದೆ, ಹುಷಾರು.

ಹಾಗಾಗಿ ಪಾಸ್‌ವರ್ಡ್ ಕೊಡುವ ಮೊದಲು ಒಂದು ಮಾತು ಕೇಳಿ: "ಟೊರೆಂಟ್ ಇದೆಯೇನಪ್ಪಾ? ಮೊದಲು ತೆಗೆದುಹಾಕು." ವಯಸ್ಕ ರೂಮ್‌ಮೇಟ್, ಅತಿಥಿಗಳಿಗೆ ಹೀಗೆ ಮೊದಲೇ ಎಚ್ಚರಿಸಲೇಬೇಕು ಅಂತೇನಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ನಿಜ. ಆದರೆ ನೀವು ಮಾಡಿಲ್ಲ ಅನ್ನಬೇಕಾದರೆ, ಆಗ ಮನೆಯಲ್ಲಿ ಇನ್ಯಾರು ವೈಫೈ ಬಳಸುತ್ತಿದ್ದರು ಅಂತ ನೀವು ಹೇಳಬೇಕಾಗುತ್ತದೆ. ಸ್ನೇಹ ಕೆಡುವುದು ಅಲ್ಲೇ.

ಕಾಗದ ಬಂದೇಬಿಟ್ಟರೆ? ಹೆದರಿ ಆ ಮುಚ್ಚಳಿಕೆಗೆ ಹಾಗೇ ಸಹಿ ಹಾಕಬೇಡಿ. ಅದು ಎಷ್ಟೋ ವರ್ಷ ನಿಮ್ಮನ್ನು ಕಟ್ಟಿಹಾಕುತ್ತದೆ, ಮತ್ತೊಮ್ಮೆ ತಪ್ಪಾದರೆ ದಂಡ ದೊಡ್ಡದು. ಸುಮ್ನೆ ಕಸದಬುಟ್ಟಿಗೂ ಹಾಕಬೇಡಿ, ಅದರಲ್ಲಿರುವ ಗಡುವು ತುಂಬಾ ಕಡಿಮೆ. ಕಾಗದ ಕಳಿಸಿದ ವಕೀಲರಿಗೆ ಫೋನ್ ಮಾಡಿ ಕತೆ ಹೇಳಲೂ ಹೋಗಬೇಡಿ. ನಿಮ್ಮ ರಾಜ್ಯದ ಫೆರ್‌ಬ್ರೌಖರ್‌ತ್ಸೆಂಟ್ರಾಲೆಯಲ್ಲಿ, ಅಂದರೆ ಗ್ರಾಹಕರ ಕೇಂದ್ರದಲ್ಲಿ, ಅಪಾಯಿಂಟ್‌ಮೆಂಟ್ ತಗೊಳ್ಳಿ, ಇಲ್ಲವೇ ಕಾಪಿರೈಟ್ ವಕೀಲರನ್ನು ಹಿಡಿಯಿರಿ. ಮುಚ್ಚಳಿಕೆಯನ್ನು ತಿದ್ದಿ ಬರೆದುಕೊಡುವ ದಾರಿಯೂ ಇದೆ.

ಮುಂದೆ ಯಾವಾಗಲಾದರೂ ಕೋರ್ಟಿನಿಂದ ಹಳದಿ ಲಕೋಟೆ ಬಂದರೆ ಅದು ಬೇರೆಯೇ ವಿಷಯ. ಒಳಗಿರುವುದು ಮಾನ್‌ಬೆಶೈಡ್, ಅಂದರೆ ದುಡ್ಡು ಕಟ್ಟಿ ಅನ್ನುವ ಕೋರ್ಟ್ ಆದೇಶ, ಆದರೆ ಆಕ್ಷೇಪಣೆ ಕಳಿಸಲು ಎರಡೇ ವಾರ. ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ಬರೆದ ತಾರೀಕಿನಿಂದಲೇ ಲೆಕ್ಕ. ಆ ಲಕೋಟೆಯನ್ನೂ ಎಸೆಯಬೇಡಿ.