ಬೋವಾ ಮರಿಗೆ ಅಜ್ಜಿ ಹೇಳಿದ ಲಂಘನ

ಹಲಸಿನ ಹಪ್ಪಳ ಡಬ್ಬಿಯೊಳಗಿದ್ದೂ ಮೆತ್ತಗಾಗುವ ದಿನಗಳು. ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳೆಂದರೆ ಗೋಡೆಯೂ ಬೆವರುತ್ತದೆ. ಅಂಥದೊಂದು ಬೆಳಿಗ್ಗೆ, ನಾನು ಸಾಕುತ್ತಿರುವ ಬೋವಾ ಹಾವಿನ ಮರಿಯ ಪೆಟ್ಟಿಗೆ ತೆರೆದೆ. ಮೂಗು ಮುಚ್ಚಿಕೊಳ್ಳುವಂಥ ನಾತ. ಮೂರು ದಿನದ ಹಿಂದೆ ನುಂಗಿದ್ದ ಇಲಿ ತಲೆಯ ಕಡೆ ಮಾತ್ರ ಕರಗಿ, ಉಳಿದದ್ದು ಉಬ್ಬಿಕೊಂಡು, ತೆಂಗಿನ ನಾರಿನ ಹುಡಿಯ ಮೇಲೆ ಬಿದ್ದಿತ್ತು. ಮರಿ ನೀರಿನ ತಟ್ಟೆಯ ಹಿಂದೆ ಸುರುಳಿ ಸುತ್ತಿಕೊಂಡಿತ್ತು.

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ತೋಟದ ಹೆಬ್ಬಾವಲ್ಲ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಮನೆಗೆ ತರುವಂತಿಲ್ಲ. ಬೋವಾ ಅಮೆರಿಕ ಖಂಡಗಳದ್ದು, ಮೊಟ್ಟೆಯಿಡದೆ ಮರಿ ಹಾಕುತ್ತದೆ. ಬೆಂಗಳೂರಿನ ಗೆಳೆಯನ ಬಳಿ ಹುಟ್ಟಿದ ಮರಿ ಇದು. ಇಂಥ ವಿದೇಶಿ ಪ್ರಾಣಿ ಸಾಕುವವರಿಗಾಗಿ ಬಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಿಯೇ ತಂದೆ. ಸಸ್ಯಾಹಾರಿ ಮನೆ ನಮ್ಮದು. ಹೆಪ್ಪುಗಟ್ಟಿಸಿದ ಇಲಿಗಳಿಗೆ ಅಡಕೆ ಕೊಟ್ಟಿಗೆಯಲ್ಲಿ ಬೇರೆಯೇ ಹಳೆಯ ಫ್ರಿಜ್ ಇಟ್ಟ ಮೇಲಷ್ಟೇ ಅಮ್ಮ ಒಪ್ಪಿದ್ದು.

ಮರಿಯ ತೂಕ ಆಗ 110 ಗ್ರಾಂ. ಹತ್ತು ಹನ್ನೊಂದು ಗ್ರಾಮಿನ ಇಲಿ ಸಾಕಿತ್ತು. ಬೇಗ ಬೆಳೆಯಲಿ ಎಂಬ ದುರಾಸೆಗೆ 18 ಗ್ರಾಮಿನದ್ದು ಕೊಟ್ಟಿದ್ದೆ. ಅದೇ ರಾತ್ರಿ ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದು ಹದಿನಾಲ್ಕು ಗಂಟೆ ಕರೆಂಟು ಇರಲಿಲ್ಲ. ಕೋಣೆಯ ಉಷ್ಣ 23 ಡಿಗ್ರಿಗೆ ಇಳಿದಿತ್ತು. ಹಾವಿಗೆ ಮೈಯೊಳಗಿನ ಒಲೆ ಇಲ್ಲ. ಹೊಟ್ಟೆಯ ಕೆಲಸ ನಡೆಯಬೇಕಾದರೆ ಶಾಖ ಹೊರಗಿನಿಂದಲೇ ಬರಬೇಕು. ಬರ್ಮಾ ಹೆಬ್ಬಾವಿನ ಅಧ್ಯಯನಗಳಲ್ಲಿ ಕಂಡಿರುವಂತೆ, ಉಪವಾಸದಲ್ಲಿರುವಾಗ ಜಠರದಲ್ಲಿ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಬೇಟೆ ಒಳಗೆ ಹೋದ ಮೇಲೆಯೇ ಅದು ಊರಲು ಶುರುವಾಗುತ್ತದೆ. ತಂಪಿನಲ್ಲಿ ಈ ಕೆಲಸ ನಿಧಾನವಾದರೆ ಇಲಿ ಜೀರ್ಣವಾಗುವ ಮೊದಲೇ ಕೊಳೆಯುತ್ತದೆ. ಹಾವು ಅದನ್ನು ಕಕ್ಕದೆ ಇನ್ನೇನು ಮಾಡೀತು?

ಇಷ್ಟಕ್ಕೇ ಬಿಟ್ಟಿದ್ದರೆ ಸುಧಾರಿಸುತ್ತಿತ್ತೋ ಏನೋ. ಪಾಪ ಹೊಟ್ಟೆ ಖಾಲಿಯಾಯಿತಲ್ಲ ಎಂದು ಆರನೆಯ ದಿನವೇ ಇನ್ನೊಂದು ಇಲಿ ಕೊಟ್ಟೆ. ಎರಡೇ ದಿನದಲ್ಲಿ ಅದನ್ನೂ ಕಕ್ಕಿತು. ತೂಕ 98ಕ್ಕೆ ಇಳಿಯಿತು. ಕಕ್ಕುವಾಗ ಬೇಟೆಯ ಜೊತೆ ಆಮ್ಲ, ನೀರು, ಲವಣ ಎಲ್ಲವೂ ಹೋಗುತ್ತವೆ, ಅನ್ನನಾಳವೂ ಸುಡುತ್ತದೆ. ಮರಿಗಳಲ್ಲಿ ಎರಡನೆಯ ವಾಂತಿ ಮೊದಲನೆಯದಕ್ಕಿಂತ ಅಪಾಯ. ಮಂಗಳೂರಿನ ಪಶುವೈದ್ಯರೊಬ್ಬರು ಮಲಪರೀಕ್ಷೆ ಮಾಡಿಸಿದರು, ಪರಾವಲಂಬಿ ಸಿಗಲಿಲ್ಲ. ಜಗಲಿಯಲ್ಲಿ ಕವಳ ಜಗಿಯುತ್ತಿದ್ದ ಅಜ್ಜಿಗೆ ವಿಷಯ ಗೊತ್ತಾಗಿ, “ಮಾಣಿ, ಅಜೀರ್ಣಕ್ಕೆ ಲಂಘನವೇ ಮದ್ದು. ನಿನಗೆ ಜ್ವರ ಬಂದಾಗ ನಾನೇನು ಹೋಳಿಗೆ ಬಡಿಸಿದ್ದೆನೇ?” ಎಂದರು. ವೈದ್ಯರು ಹೇಳಿದ್ದೂ ಅದನ್ನೇ: ಎರಡು ಮೂರು ವಾರ ಆಹಾರವಿಲ್ಲ, ಶುದ್ಧ ನೀರು ಮಾತ್ರ, ಮುಟ್ಟುವುದೂ ಬೇಡ.

ಆ ಮೂರು ವಾರ ನಾನು ಪೆಟ್ಟಿಗೆಯ ತಪ್ಪು ಹುಡುಕಿದೆ. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ 32 ಡಿಗ್ರಿ ಎನ್ನುತ್ತಿತ್ತು, ಅದನ್ನೇ ನಂಬಿದ್ದೆ. ಮೇಲ್ಮೈಯ ಉಷ್ಣ ಅಳೆಯುವ ಇನ್‌ಫ್ರಾರೆಡ್ ಮಾಪಕವನ್ನು ಎರವಲು ತಂದು ಹಿಡಿದರೆ ಹಾವು ಮಲಗುವ ಜಾಗದಲ್ಲಿ ಬರೀ 26! (ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಯಂತ್ರ ಮೈಜ್ವರಕ್ಕೆಂದೇ ಹೊಂದಿಸಿದ್ದು, ಅದನ್ನು ನೆಚ್ಚಬೇಡಿ.) ಶಾಖದ ಚಾಪೆ ಪೆಟ್ಟಿಗೆಯ ಅಡಿಯಲ್ಲಿತ್ತು. ಥರ್ಮೋಸ್ಟಾಟಿನ ತಂತಿಯ, ಬಿಸಿ ಅಳೆಯುವ ತುದಿಯೂ ಅಲ್ಲೇ ಇತ್ತು. ನಡುವೆ ನಾಲ್ಕು ಬೆರಳು ದಪ್ಪ ಒದ್ದೆ ನಾರಿನ ಹುಡಿ. ಕೆಳಗಿನ ಬಿಸಿ ಮೇಲೆ ಬರುತ್ತಲೇ ಇರಲಿಲ್ಲ.

ಹುಡಿ ಒದ್ದೆಯಾಗಲು ಕಾರಣವೂ ನಾನೇ. ಬೋವಾಕ್ಕೆ ತೇವ ಬೇಕು, ದಿನಾ ನೀರು ಸಿಂಪಡಿಸಿ ಎಂದು ಚಳಿದೇಶದವರು ಬರೆದದ್ದನ್ನು ಓದಿ, ಕಾಸರಗೋಡಿನ ಮಳೆಗಾಲದಲ್ಲಿ ನೀರು ಚಿಮುಕಿಸುತ್ತಿದ್ದೆ. ಸಮುದ್ರಕ್ಕೆ ಉಪ್ಪು ಹಾಕಿದ ಹಾಗೆ. ಹೀಟರ್ ಹಾಕಿ ಒಣಗಿದ ಅವರ ಕೋಣೆಗಳಿಗೆ ಆ ಮಾತು ಸರಿ. ಇಲ್ಲಿ ಲೆಕ್ಕ ತಿರುಗುಮುರುಗು. 24 ಡಿಗ್ರಿಯಲ್ಲಿ ಶೇಕಡಾ 90 ಇರುವ ಆರ್ದ್ರತೆ, ಅದೇ ಗಾಳಿಯನ್ನು 31 ಡಿಗ್ರಿಗೆ ಕಾಯಿಸಿದರೆ ಸುಮಾರು 60ಕ್ಕೆ ಇಳಿಯುತ್ತದೆ. ಬೋವಾಕ್ಕೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ, 55ರಿಂದ 70. ನಮ್ಮ ಮಳೆಗಾಲದಲ್ಲಿ ಬಿಸಿಯೊಂದನ್ನು ಸರಿಪಡಿಸಿದರೆ ತೇವ ತಾನಾಗಿ ದಾರಿಗೆ ಬರುತ್ತದೆ. ಬಿಸಿಯಿಲ್ಲದ ತೇವ ಮಾತ್ರ ಕೆಟ್ಟದ್ದು. ಹೊಟ್ಟೆಯಡಿಯ ಹುರುಪೆಗಳಲ್ಲಿ ಗುಳ್ಳೆ ಏಳುತ್ತದೆ, ಶ್ವಾಸಕೋಶಕ್ಕೂ ಸೋಂಕು ತಗಲುತ್ತದೆ.

ಬೆಚ್ಚಗಿನ ತುದಿಯ ಹುಡಿ ತೆಗೆದು ಕಾಗದ ಹಾಸಿದೆ. ಥರ್ಮೋಸ್ಟಾಟಿನ ತುದಿಯನ್ನು ಒಳಗೆ, ಹಾವು ಮಲಗುವಲ್ಲಿಯೇ ಗಟ್ಟಿಯಾಗಿ ಕೂರಿಸಿದೆ. ಅಲ್ಲಿ 31–32, ಇನ್ನೊಂದು ತುದಿಯಲ್ಲಿ 26. ಮೂರು ಬದಿಗೆ ಥರ್ಮೋಕೋಲ್ ಕಟ್ಟಿದೆ, ಗಾಳಿಯಾಡಲೆಂದು, ಕಾಯಿಸಿದ ಸರಿಗೆಯಿಂದ ತೂತು ಕೊರೆದೆ. ಚಾಪೆ ಎಳೆಯುವುದು 20 ವ್ಯಾಟ್. ಮನೆಯ ಇನ್ವರ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಬೇಸಿಗೆಯ ಕಷ್ಟ ಬೇರೆ. ಏಪ್ರಿಲಿನಲ್ಲಿ ಹೆಂಚಿನಡಿಯ ಅಟ್ಟದ ಕೋಣೆ 34 ಮುಟ್ಟುತ್ತದೆ, ಹಾವಿಗೆ ತಪ್ಪಿಸಿಕೊಳ್ಳಲು ತಂಪಿನ ಮೂಲೆಯೇ ಉಳಿಯುವುದಿಲ್ಲ. ಅತಿ ಬಿಸಿಗೂ ಮರಿಗಳು ಕಕ್ಕುತ್ತವೆ. ಆಗ ಚಾಪೆ ಆರಿಸಿ ಪೆಟ್ಟಿಗೆಯನ್ನು ಕೆಳಗಿನ ಕಾವಿ ನೆಲದ ಕೋಣೆಗೆ ಇಳಿಸುತ್ತೇನೆ.

ಲಂಘನದ ಇಪ್ಪತ್ತೆರಡನೆಯ ದಿನ ಐದು ಗ್ರಾಮಿನ, ಕೂದಲು ಮೂಡದ ಇಲಿಮರಿ ಕೊಟ್ಟೆ. ಹಿಂದಿನ ದಿನ ಹವಾಮಾನದ ಮುನ್ಸೂಚನೆ ನೋಡಿದ್ದೆ. ಗಾಳಿಮಳೆಯ ಎಚ್ಚರಿಕೆ ಇದ್ದರೆ ಈಗಲೂ ಊಟ ಮುಂದೂಡುತ್ತೇನೆ. ಮರಿ ಎರಡು ದಿನ ಬೆಚ್ಚಗಿನ ತುದಿ ಬಿಟ್ಟು ಕದಲಲಿಲ್ಲ. ನಾನೂ ಮುಚ್ಚಳ ತೆರೆಯಲಿಲ್ಲ, ರಾತ್ರಿ ಎರಡು ಬಾರಿ ಎದ್ದು ಹೊರಗಿನಿಂದಲೇ ಮೂಸಿ ನೋಡಿದೆ. ಮೂರನೆಯ ದಿನ ನಾತವಿಲ್ಲ. ಎಂಟನೆಯ ದಿನ ಕಾಗದದ ಮೇಲೆ ಕಪ್ಪು ಹಿಕ್ಕೆ, ಪಕ್ಕದಲ್ಲಿ ಸುಣ್ಣದಂಥ ಬಿಳಿ ಯೂರೇಟಿನ, ಅಂದರೆ ಹಾವಿನ ಗಟ್ಟಿ ಮೂತ್ರದ ಉಂಡೆ. ಅದನ್ನು ಕಾಗದದ ಸಮೇತ ಜಗಲಿಗೆ ತಂದು ತೋರಿಸಲು ಹೊರಟವನನ್ನು ಅಮ್ಮ ಹೊಸ್ತಿಲಲ್ಲೇ ತಡೆದರು. ಅಜ್ಜಿ ಮಾತ್ರ ಕತ್ತು ಚಾಚಿ ನೋಡಿ, “ಇನ್ನು ಹತ್ತು ದಿನ ಏನೂ ಕೊಡಬೇಡ” ಎಂದರು.