ಬೇಸಗೆ ರಜೆಯಲ್ಲಿ ಮಕ್ಕಳ ಮಧ್ಯಾಹ್ನದೂಟ: ವಾರ್ಡಿನವರೇ ನಡೆಸುವುದು ಹೇಗೆ?

ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಾರ್ಚ್ ಕೊನೆಗೆ ಶಾಲೆ ಮುಚ್ಚಿದರೆ ಬಿಸಿಯೂಟದ ಒಲೆಯೂ ಆರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ಮಧ್ಯಾಹ್ನದ ಊಟವನ್ನು ಮಕ್ಕಳ ಹಕ್ಕೆಂದು ಹೇಳಿ, ಶಾಲಾ ರಜಾದಿನಗಳನ್ನು ಮಾತ್ರ ಹೊರಗಿಟ್ಟಿದೆ. ಹಾಗಾಗಿ ಏಪ್ರಿಲ್, ಮೇ ತಿಂಗಳು ಊರವರ ಪಾಲಿಗೆ. ಮಂಜೇಶ್ವರ, ಬದಿಯಡ್ಕ, ಪೆರ್ಲದ ಕಡೆ ಇದಕ್ಕೆ ದೊಡ್ಡ ಸಂಸ್ಥೆಯೇನೂ ಬೇಡ. ಒಂದು ವಾರ್ಡಿನ ಕುಟುಂಬಶ್ರೀ (ಮಹಿಳಾ ಸ್ವಸಹಾಯ ಸಂಘ) ಮಹಿಳೆಯರು ಮನಸ್ಸು ಮಾಡಿದರೆ ಸಾಕು.

ಮೊದಲ ಕೆಲಸ ಪಟ್ಟಿ. ಅದು ಮಾರ್ಚಿನಲ್ಲೇ ಆಗಬೇಕು. ಯಾವ ಮಗು ಎರಡನೇ ಸಲ ತಟ್ಟೆ ಹಿಡಿದು ಬರುತ್ತದೆ, ಯಾವುದು ವಾರದ ರಜೆ ಕಳೆದು ಸೋಮವಾರ ಮಾತ್ರ ಹೆಚ್ಚು ಉಣ್ಣುತ್ತದೆ ಎಂಬುದು ಶಾಲೆಯ ಅಡುಗೆಯವರಿಗೆ ಗೊತ್ತು. ಅವರನ್ನೇ ಕೇಳಿ. ಕೊರಗ ಬುಡಕಟ್ಟಿನ ಕುಟುಂಬಗಳಿರುವಲ್ಲಿ ಎಸ್‌ಟಿ ಪ್ರಮೋಟರ್ (ಪರಿಶಿಷ್ಟ ಪಂಗಡ ಇಲಾಖೆಯ ಕ್ಷೇತ್ರ ಕಾರ್ಯಕರ್ತರು) ಜೊತೆಗಿರಲಿ. ಸಭೆ ಕರೆದು ‘ಕಷ್ಟದಲ್ಲಿರುವವರು ಹೆಸರು ಕೊಡಿ’ ಎಂದರೆ ನಿಜವಾಗಿ ಬೇಕಾದವರು ಬಾಯಿ ಬಿಡುವುದಿಲ್ಲ.

ಎರಡನೆಯದು, ಸರಕಾರದಿಂದ ಬರಬೇಕಾದದ್ದನ್ನು ಬಿಡಬೇಡಿ. ಅಂಗನವಾಡಿಗೆ ಶಾಲೆಯಂತೆ ಎರಡು ತಿಂಗಳ ರಜೆಯಿಲ್ಲ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿಂದ ‘ಅಮೃತಂ’ ಪೌಷ್ಟಿಕ ಹುಡಿ ಸಿಗುತ್ತದೆ. ಅದು ರೂಪುಗೊಂಡದ್ದು ನಮ್ಮದೇ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ). ಆದ್ಯತಾ ಕುಟುಂಬಗಳ ಗುಲಾಬಿ ಬಣ್ಣದ ಪಡಿತರ ಚೀಟಿಯಲ್ಲಿ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ. ಮಗುವಿನ ಹೆಸರು ಸೇರದಿದ್ದರೆ ಆ ಪಾಲು ತಪ್ಪುತ್ತದೆ. ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸಿ.

ಇನ್ನು ಅಡುಗೆ. ಬಿಸಿಯೂಟದ ಅಳತೆಯನ್ನೇ ಹಿಡಿಯಿರಿ. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75. ಎರಡೂ ಗುಂಪಿನಲ್ಲಿ ಇಪ್ಪತ್ತಿಪ್ಪತ್ತು ಮಕ್ಕಳಿದ್ದರೆ ದಿನಕ್ಕೆ ಐದು ಕಿಲೋ ಅಕ್ಕಿ, ಒಂದು ಕಿಲೋ ಬೇಳೆ, ಎರಡೂವರೆ ಕಿಲೋ ತರಕಾರಿ, ಕಾಲು ಕಿಲೋ ಎಣ್ಣೆ. ದಾನಿಗಳು ಅಕ್ಕಿ ಮೂಟೆಯನ್ನೇ ತರುತ್ತಾರೆ, ಫೋಟೋದಲ್ಲಿ ಅದು ದೊಡ್ಡದಾಗಿ ಕಾಣುತ್ತದಲ್ಲ! ನೀವು ಬೇಳೆ, ಹೆಸರುಕಾಳು, ಹುರುಳಿ, ಮೊಟ್ಟೆ ಕೇಳಿ. ಬಡವರ ಮನೆಯಲ್ಲಿ ಗಂಜಿ ಹೇಗೋ ಬೇಯುತ್ತದೆ, ಕೂಡಿಕೊಳ್ಳಲು ಪದಾರ್ಥವಿರುವುದಿಲ್ಲ. ತರಕಾರಿಗೆ ಈ ಕಾಲದಲ್ಲಿ ಪೇಟೆಗೆ ಓಡಬೇಕಿಲ್ಲ: ಗುಜ್ಜೆ (ಎಳೆ ಹಲಸು) ಪಲ್ಯ, ಹಲಸಿನ ಬೀಜ ಹಾಕಿದ ಹುರುಳಿ ಸಾರು, ನುಗ್ಗೆ ಸೊಪ್ಪು. ಕುಚ್ಚಲಕ್ಕಿ ಗಂಜಿಯ ತೆಳಿ (ತಿಳಿನೀರು) ಚೆಲ್ಲಬೇಡಿ.

ಜಾಗಕ್ಕೆ ಭಜನಾ ಮಂದಿರಕ್ಕಿಂತ ವಾಚನಾಲಯ ಮೇಲು. ಎಲ್ಲ ಮನೆಯ ಮಕ್ಕಳೂ ಅಳುಕದೆ ಕಾಲಿಡುವಂತಿರಬೇಕು. ಬಾವಿ ತಳ ಕಂಡಿದ್ದರೆ ನೀರು ಕುದಿಸಿಯೇ ಕೊಡಿ. ಊಟದ ಹೊತ್ತಿಗೆ ಮೊಬೈಲ್ ಕ್ಯಾಮೆರಾ ಜೇಬಿನೊಳಗೇ ಇರಲಿ.

ಮೇ ಕೊನೆಗೆ ಮಳೆ ಹಿಡಿದರೆ ತೋಡು (ಹಳ್ಳ) ದಾಟಿ ಮಕ್ಕಳು ಬರುವುದು ಕಷ್ಟ. ಆ ವಾರದ ಅಕ್ಕಿ, ಹೆಸರುಕಾಳನ್ನು ಮೊದಲೇ ತೂಗಿ ಮನೆಗೆ ಮುಟ್ಟಿಸಿ.