ಹಾಳುಬಿದ್ದ ನೀರಿನ ಗಿರಣಿಯನ್ನು ನಾನು ನೋಡುವ ಬಗೆ

ಹೊಳೆಯ ನೀರಿನಿಂದ ಚಕ್ರ ತಿರುಗಿಸಿ ಕಾಳು ಬೀಸುತ್ತಿದ್ದ ಹಳೆಯ ನೀರಿನ ಗಿರಣಿ ನೋಡಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಕುಸಿದ ಗೋಡೆ. ನಾನು ಅದನ್ನು ಕೊನೆಗೆ ಬಿಟ್ಟು, ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆಯುತ್ತೇನೆ. ಗಿರಣಿಯ ಕತೆ ಶುರುವಾಗುವುದು ಅಲ್ಲಿಂದಲೇ ಅಲ್ವಾ?

ಮೊದಲು ಒಡ್ಡು ಹುಡುಕುತ್ತೇನೆ. ಹೊಳೆಗೆ ಅಡ್ಡಲಾಗಿ ಒಂದು ಸಾಲು ಕಲ್ಲು, ಪಕ್ಕದಲ್ಲಿ ತೂಬಿನ ಹಲಗೆ ಇಳಿಸಲು ಕೊರೆದ ಸೀಳು ಸಿಕ್ಕರೆ ಸಾಕು. ಅಲ್ಲಿಂದ ಹೊರಟ ಕಾಲುವೆ ಈಗ ಹುಲ್ಲು ಮುಚ್ಚಿದ ತಗ್ಗು. ಅದರಲ್ಲೇ ನಡೆದರೆ ಒಂದು ಸಂಗತಿ ಕಾಲಿಗೇ ತಿಳಿಯುತ್ತದೆ: ಹೊಳೆ ಇಳಿಯುತ್ತಾ ಹೋಗುತ್ತದೆ, ಕಾಲುವೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ಗಿರಣಿ ತಿರುಗಿದ್ದು ಆ ಎತ್ತರದ ಅಂತರದಿಂದ. ಸೆಕೆಂಡಿಗೆ 100 ಲೀಟರ್ ನೀರು 3 ಮೀಟರ್ ಕೆಳಗೆ ಬಿದ್ದರೆ ಸುಮಾರು 3 ಕಿಲೋವ್ಯಾಟ್ ಶಕ್ತಿ. ಚಕ್ರಕ್ಕೆ ದಕ್ಕುವುದು ಅದರಲ್ಲಿ ಒಂದು ಪಾಲು ಮಾತ್ರ.

ಎಷ್ಟು ಪಾಲು ಅನ್ನುವುದು ಚಕ್ರದ ಬಗೆಯ ಮೇಲೆ ನಿಂತಿದೆ. ಮೇಲಿಂದ ನೀರು ಸುರಿಯುವ ಚಕ್ರ, ಕೆಳಗಿನ ಹರಿವು ತಳ್ಳುವ ಚಕ್ರಕ್ಕಿಂತ ಸುಮಾರು ಎರಡು ಪಟ್ಟು ಕೆಲಸ ಮಾಡುತ್ತದೆ ಎಂದು ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಾಗಿ ಕಾಲುವೆ ಗೋಡೆಯನ್ನು ಯಾವ ಎತ್ತರದಲ್ಲಿ ಮುಟ್ಟುತ್ತದೆ, ಚಕ್ರದ ಅಚ್ಚು ಹಾಯ್ದ ತೂತು ಎಲ್ಲಿದೆ ಅಂತ ನೋಡುತ್ತೇನೆ. ಕಾಲುವೆ ಅಚ್ಚಿಗಿಂತ ತುಂಬ ಮೇಲಿದ್ದರೆ ನೀರು ಮೇಲಿಂದ ಸುರಿಯುತ್ತಿತ್ತು ಅಂತಲೇ ಲೆಕ್ಕ.

ನನಗೆ ತುಂಬ ಇಷ್ಟದ ಗುರುತು ಚಕ್ರದ ಗುಂಡಿಯ ಗೋಡೆಯಲ್ಲಿರುತ್ತದೆ. ಚಕ್ರ ಸ್ವಲ್ಪ ವಾಲಿ ಕಲ್ಲಿಗೆ ಉಜ್ಜಿದ್ದರೆ ಬಿಲ್ಲಿನಂಥ ಗೀರು ಉಳಿದಿರುತ್ತದೆ. ಅಚ್ಚಿನ ತೂತಿನ ನಡುವಿನಿಂದ ಆ ಗೀರಿನವರೆಗೆ ಟೇಪ್ ಹಿಡಿದು, ಬಂದ ಅಳತೆಯನ್ನು ಎರಡರಿಂದ ಗುಣಿಸಿದರೆ ಚಕ್ರದ ವ್ಯಾಸ ಸಿಕ್ಕಿತು. ಮರದ ಚಕ್ರ ಪೂರ್ತಿ ಕೊಳೆತು ಹೋಗಿದ್ದರೂ ಅದರ ಗಾತ್ರ ಹೀಗೆ ಕೈಗೆ ಸಿಗುತ್ತದೆ!

ಬೀಸುವ ಕಲ್ಲು ಹತ್ತಿರದಲ್ಲೇ ಬಿದ್ದಿರಬಹುದು. ಕೊರೆದ ಗೀರುಗಳು ಆಳವಾಗಿದ್ದರೆ ಕಲ್ಲು ಇನ್ನೂ ಸವೆದಿರಲಿಲ್ಲ. ಅದನ್ನು ಕದಲಿಸಬೇಡಿ, ಬಿದ್ದ ಜಾಗವೂ ಒಂದು ಸುಳಿವೇ.

ಜಾಗದವರನ್ನು ಕೇಳಿಯೇ ಒಳಗೆ ಹೋಗಬೇಕು. ಗಿಡಗಂಟಿ ಒಣಗಿದ ಕಾಲವೇ ಒಳ್ಳೆಯದು. ಹಸಿರು ಜಾಸ್ತಿಯಿದ್ದಾಗ ಚಕ್ರದ ಗುಂಡಿ ಕಾಣುವುದೇ ಇಲ್ಲ. ಕೋಲಿನಿಂದ ನೆಲ ಒತ್ತಿ ನೋಡಿಯೇ ನಾನು ಹೆಜ್ಜೆ ಇಡುತ್ತೇನೆ, ಒಬ್ಬಳೇ ಹೋಗುವುದಿಲ್ಲ.